ಅರ್ಧ ಮನೆ ಕೆಳಗೆ

ಏಪ್ರಿಲ್ 14

ಪುಟ್ಟಿ,

ಗುಬ್ಬಿಯ ನೀಲಿ ಸ್ವೆಟರ್ ಇಲ್ಲೇ ಉಳಿದಿದೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದು, ನಿನ್ನ ಅವಸರದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮಗಳನ್ನು ಮೂರು ವರ್ಷ ನನ್ನ ಹತ್ತಿರ ಬಿಟ್ಟವಳಿಗೆ ಕರೆದುಕೊಂಡು ಹೋಗುವ ದಿನ ಇನ್ನೊಂದು ಊಟದ ಹೊತ್ತು ಕಾಯಲಾಗಲಿಲ್ಲ ನೋಡು. ಅವಳು ಬಸ್ಸಿನ ಕಿಟಕಿಯಿಂದ ಕೈ ಆಡಿಸಲಿಲ್ಲ. ನೀನು ಆಡಿಸಿದೆ, ಅವಳ ಕೈ ಹಿಡಿದು ಆಡಿಸಿದೆ. ನಾನು ನೋಡಿದೆ.

ಇರಲಿ, ಜಗಳಕ್ಕೆ ಬರೆಯುತ್ತಿಲ್ಲ. ಫೋನ್ ಮಾಡಿದರೆ ‘ಲ್ಯಾಬಲ್ಲಿದೀನಿ ಅಕ್ಕಾ, ಆಮೇಲೆ’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡೋಕಾಗಲ್ಲ, ಕೊನೆಯ ತನಕ ಓದಲೇಬೇಕು. ಊರವರ ಬಾಯಿಗೆಲ್ಲ ಕಟ್ಟುಹಲ್ಲು ಮಾಡಿಕೊಡುವವಳು ಸ್ವಂತ ಮಗಳ ಜೊತೆ ಬಾಯಿಬಿಟ್ಟು ಮಾತಾಡುವುದಕ್ಕೂ ಸ್ವಲ್ಪ ಹೊತ್ತು ಇಟ್ಟುಕೋ.

ಅವಳ ಆಟ ನಿಲ್ಲಿಸಬೇಡ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು. ನನ್ನ ಮಕ್ಕಳ ಪಾಠದಲ್ಲಿ ಪುಸ್ತಕ ಇಲ್ಲ, ಹಲಗೆ ಇಲ್ಲ, ಎಲ್ಲ ಆಟವೇ. ಅದರಲ್ಲಿ ಮೊದಲನೆಯದು ‘ಯಾರು ಬಂದ್ರು’. ಪಿಯಾನೋ ಮುಂದೆ ಹಳೇ ಪರದೆ ಇಳಿಬಿಟ್ಟಿದ್ದೇನೆ. ಮಕ್ಕಳು ಈಚೆ ಚಾಪೆಯ ಮೇಲೆ. ಪಿಯಾನೋದ ಏಳು ಬಿಳಿ ಮನೆಗಳಲ್ಲಿ ಒಂದು ಸಂಸಾರ ವಾಸವಾಗಿದೆ. ಎಡಗಡೆಯಿಂದ ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಮಾವ, ಅತ್ತೆ, ಕೊನೆಗೆ ಪಾಪು, ಆಮೇಲೆ ಮತ್ತೆ ಅಜ್ಜನಿಂದ ಶುರು. ನಡುವಿನ ಕರಿ ಮನೆಗಳಲ್ಲಿ ಪಕ್ಕದ್ಮನೆಯವರು. ಅಪ್ಪನಿಗೂ ಅಮ್ಮನಿಗೂ ನಡುವೆ ಕರಿ ಮನೆ ಇಲ್ಲ, ಗೋಡೆಗೆ ಗೋಡೆ ಅಂಟಿಕೊಂಡಿದೆ. ನಾನು ಪರದೆ ಹಿಂದೆ ಒಂದು ಮನೆ ಒತ್ತಿ ಬಾಗಿಲು ತಟ್ಟಿದ ಹಾಗೆ ಮಾಡುತ್ತೇನೆ, ಯಾರು ಬಂದರೆಂದು ಅವರು ಕೂಗಬೇಕು. ಗೆದ್ದವರು ಬಂದವರ ಹಾಗೆ ಒಂದು ಸುತ್ತು ನಡೆಯಬಹುದು. ಅಜ್ಜನಾದರೆ ಕೋಲೂರಿಕೊಂಡು, ಪಾಪುವಾದರೆ ಅಂಬೆಗಾಲು.

ಉಳಿದ ಮಕ್ಕಳು ಊಹೆ ಹೊಡೆಯುತ್ತಾರೆ. ಗುಬ್ಬಿ ಊಹಿಸುವುದಿಲ್ಲ, ಗುರುತಿಸುತ್ತಾಳೆ. ಅಡುಗೆಮನೆಯಲ್ಲಿ ಲೋಟ ಬಿದ್ದರೆ ಅಲ್ಲಿಂದಲೇ ‘ಅತ್ತೆ ಬಿದ್ಲು!’ ಅನ್ನುತ್ತಾಳೆ. ಬೀದಿಯಲ್ಲಿ ಹಾಲಿನ ಗಾಡಿ ಹಾರ್ನ್ ಹೊಡೆದರೆ ‘ಅಜ್ಜಿ’. ನಾನು ಎದ್ದುಹೋಗಿ ಪಿಯಾನೋ ಒತ್ತಿ ನೋಡಿದರೆ, ಅಜ್ಜಿಯೇ! ಇಂಥ ಕಿವಿ ಇದ್ದದ್ದು ನಮ್ಮಪ್ಪನಿಗೆ. ನನಗಿಲ್ಲ. ನಿನಗಂತೂ ಬಿಡು, ಆ ಮಾತೇ ಬೇಡ.

ನಡುವರ್ಷದ ರಜೆಗೆ ಕಳಿಸುತ್ತೇನೆ ಅಂದಿದ್ದೀಯ. ಕೊಟ್ಟ ಮಾತು ನೆನಪಿರಲಿ.

ನಿನ್ನ ಅಕ್ಕ


ಜೂನ್ 9

ಅಕ್ಕಾ,

ಸ್ವೆಟರ್ ಕಳಿಸಬೇಡ. ಈಗ ಹಾಕಿದರೆ ಕುತ್ತಿಗೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಒಂದು ವಿಷಯ ಕೇಳಬೇಕು, ನೇರವಾಗಿ ಉತ್ತರ ಕೊಡು. ಗುಬ್ಬಿಯನ್ನು ಇಲ್ಲಿನ ಸಂಗೀತ ಶಾಲೆಗೆ ಸೇರಿಸೋಣ ಅಂತ ಕರೆದುಕೊಂಡು ಹೋಗಿದ್ದೆ. ಚಿಕ್ಕ ಮಕ್ಕಳನ್ನು ಕಿವಿ ನೋಡಿ ತೆಗೆದುಕೊಳ್ಳುತ್ತಾರೆ. ನಾನೋ, ಪಕ್ಕದಲ್ಲಿ ಕೂತಿದ್ದ ತಾಯಂದಿರ ಮುಂದೆ ಜಂಬ ಕೊಚ್ಚಿಕೊಂಡು ಕೂತಿದ್ದೆ, ನನ್ನ ಮಗಳು ಲೋಟ ಬಿದ್ದರೂ ಸ್ವರ ಹೇಳ್ತಾಳೆ ಅಂತ. ಮೇಷ್ಟ್ರು ಒಳ್ಳೆಯವರು. ನಿನ್ನ ಆಟದ ವಿಷಯ ಕೇಳಿ ನಕ್ಕು, ‘ನಿಮ್ಮ ಸಂಸಾರದ ಹೆಸರುಗಳನ್ನೇ ಹೇಳಮ್ಮಾ, ಪರವಾಗಿಲ್ಲ’ ಅಂದರು.

ಮೊದಲ ಮನೆ ಒತ್ತಿದರು. ಗುಬ್ಬಿ ಹುಬ್ಬು ಗಂಟುಹಾಕಿಕೊಂಡಳು. ‘ಪಕ್ಕದ್ಮನೆಯವರು’ ಅಂದಳು. ಮೇಷ್ಟ್ರು ಅವಳನ್ನೇ ಕರೆದು ಒತ್ತಿ ನೋಡು ಅಂದರು. ಎತ್ತರದ ಕುರ್ಚಿ ಹತ್ತಿ ಕೂತಳು, ಒಂದೊಂದೇ ಒತ್ತಿದಳು. ‘ಅಜ್ಜನ ಮನೇಲಿ ಪಕ್ಕದ್ಮನೆಯವರು ಕೂತಿದಾರೆ. ಅಜ್ಜಿ ಮನೇಲೂ. ಅಪ್ಪನ ಮನೇಲಿ ಅಮ್ಮ ಇದಾಳೆ.’ ನಮ್ಮಲ್ಲಿ ಆಗಿರುವುದೂ ಅದೇ ತಾನೇ ಅಂದುಕೊಂಡು ನನಗೆ ನಗು ಬಂತು. ಕೊನೆಯ ಮನೆ ಒತ್ತಿದವಳು ‘ಪಾಪು ತೊಟ್ಟಿಲಲ್ಲಿ ಅಜ್ಜ ಮಲಗಿದಾನೆ’ ಅಂತ ಹೋ ಅಂತ ಅಳೋಕೆ ಶುರು ಮಾಡಿದಳು. ‘ಈ ಪಿಯಾನೋ ಸುಳ್ಳು ಹೇಳುತ್ತೆ. ಮನೆಗೆ ಹೋಗಣ.’ ಮನೆ ಅಂದರೆ ನಿನ್ನ ಮನೆ ಅಕ್ಕಾ, ನನ್ನದಲ್ಲ. ಅದು ನನಗೂ ಅರ್ಥವಾಯಿತು, ಮೇಷ್ಟ್ರಿಗೂ ಅರ್ಥವಾಯಿತು.

ಅವರು ಹೇಳಿದ್ದು ಇಷ್ಟು. ಇಂಥ ಕಿವಿ ಸಾವಿರಕ್ಕೊಂದು. ಆದರೆ ಅದನ್ನು ಯಾರೋ ತಪ್ಪು ಜಾಗದಲ್ಲಿ ಮೊಳೆ ಹೊಡೆದು ಕೂರಿಸಿದ್ದಾರೆ. ಇವಳು ಕಲಿತ ಪಿಯಾನೋ ಶ್ರುತಿಯಲ್ಲಿ ಅರ್ಧ ಮನೆ ಕೆಳಗಿದೆ, ಅಂದರೆ ಬಿಳಿ ಮನೆಯಿಂದ ಪಕ್ಕದ ಕರಿ ಮನೆಯಷ್ಟು. ಇವಳಿಗೆ ಇನ್ನು ಯಾವ ಪಿಯಾನೋ ಕೇಳಿದರೂ, ಯಾರ ಜೊತೆ ಹಾಡಿದರೂ, ಎಲ್ಲ ಪಕ್ಕಕ್ಕೆ ಜರುಗಿದ ಹಾಗೇ ಕೇಳಿಸುತ್ತೆ. ಏಳು ತುಂಬುವುದರೊಳಗೆ ಬದಲಾದರೆ ಬದಲಾಯಿತು, ಆಮೇಲೆ ಕಷ್ಟ. ವರ್ಷದ ಕೊನೆಯಲ್ಲಿ ಇನ್ನೊಂದು ಸಲ ಕರೆದುಕೊಂಡು ಬನ್ನಿ ಅಂದರು.

ನಮ್ಮಪ್ಪನ ಪಿಯಾನೋ ಶ್ರುತಿ ಇಳಿದಿದೆಯಾ?

ಪುಟ್ಟಿ


ಜೂನ್ 20

ಪುಟ್ಟಿ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಮೇಷ್ಟ್ರಿಗೆ ಮಗುವನ್ನು ಮಾತಾಡಿಸಲು ಬರಲಿಲ್ಲ, ಅಪ್ಪನ ಪಿಯಾನೋ ಮೇಲೆ ಹಾಕಿದರು.

ಇಳಿದಿದೆ. ಅದೇನು ಗುಟ್ಟೇ? ಅಪ್ಪನೇ ಇಳಿಸಿದ್ದು. ತಂತಿಗಳು ಅವರಿಗಿಂತ ಹಳೆಯವು, ಬಿಗಿ ಮಾಡಿದರೆ ಹರಿದುಹೋಗುತ್ತವೆ ಅಂತ ಎಲ್ಲವನ್ನೂ ಒಂದೇ ಸಮನಾಗಿ ಅರ್ಧ ಮನೆ ಕೆಳಗೆ ಕೂರಿಸಿದರು. ಊರಿನ ಪಿಯಾನೋಗಳನ್ನೆಲ್ಲ ಶ್ರುತಿ ಮಾಡಿ ಬಂದ ಮನುಷ್ಯ ಸಂಜೆ ಇದರ ಮುಂದೆ ಕೂತು ‘ಇದೊಂದು ಹೀಗೇ ಇರಲಿ, ಮುದುಕಿ’ ಅನ್ನುತ್ತಿದ್ದರು. ನೀನೂ ಕೇಳಿದ್ದೀಯ. ಎಲ್ಲ ಸ್ವರ ಒಟ್ಟಿಗೇ ಇಳಿದಿದ್ದರೆ ಇಳಿದದ್ದು ಯಾರ ಕಿವಿಗೂ ತಿಳಿಯುವುದಿಲ್ಲ. ನಾನು ಇದರಲ್ಲೇ ಕಲಿತೆ, ನೀನು ಇದರಲ್ಲೇ ಕಲಿಯದೆ ಉಳಿದೆ, ಇಬ್ಬರಿಗೂ ಏನೂ ಆಗಲಿಲ್ಲ. ನನ್ನ ಪಾಠದಿಂದ ಹೋದ ಎಷ್ಟೋ ಮಕ್ಕಳು ದೊಡ್ಡ ಶಾಲೆಗಳಲ್ಲಿ ಚೆನ್ನಾಗಿಯೇ ಹಾಡುತ್ತಿದ್ದಾರೆ. ಗುಬ್ಬಿ ಕಿವಿಯಷ್ಟು ಚುರುಕಾದ ಕಿವಿ ಅವರಿಗಿಲ್ಲ, ಅದು ಅವರ ಪುಣ್ಯ ಅಂತ ಬೇಕಾದರೆ ಹೇಳು.

ಈಗ ನೀನು ಮಾಡಬೇಕಾದ್ದು ಮೆಟ್ಟಿಲಾಟ. ‘ಯಾರು ಬಂದ್ರು’ ಅಂತ ಕೇಳುವುದನ್ನು ಬಿಟ್ಟುಬಿಡು, ‘ಎಷ್ಟು ದೂರ ನಡೆದ್ರು’ ಅಂತ ಕೇಳು. ನಿಮ್ಮ ಕಟ್ಟಡಕ್ಕೆ ಮೆಟ್ಟಿಲಿದೆಯಲ್ಲ. ಅಜ್ಜನಿಂದ ಅಜ್ಜಿಗೆ ದೊಡ್ಡ ಹೆಜ್ಜೆ, ಎರಡು ಮೆಟ್ಟಿಲು ಹಾರಬೇಕು. ಅಜ್ಜಿಯಿಂದ ಅಪ್ಪನಿಗೂ ಹಾಗೇ. ಅಪ್ಪನಿಂದ ಅಮ್ಮನಿಗೆ ಗೋಡೆ ಅಂಟಿದೆ, ಅಲ್ಲಿ ಒಂದೇ ಮೆಟ್ಟಿಲು. ಅಮ್ಮನಿಂದ ಪಾಪು ತನಕ ಮತ್ತೆ ದೊಡ್ಡ ಹೆಜ್ಜೆಗಳು, ಪಾಪುವಿನಿಂದ ಮೇಲಿನ ಅಜ್ಜನಿಗೆ ಒಂದೇ. ಹಾರುತ್ತಾ ಹಾಡಬೇಕು. ಯಾವ ಮೆಟ್ಟಿಲಿಂದ ಹೊರಟರೂ ಹೆಜ್ಜೆಯ ಲೆಕ್ಕ ಅದೇ. ಸಂಗೀತವೆಂದರೆ ಮನೆಯ ನಂಬರಲ್ಲ, ಮನೆಯಿಂದ ಮನೆಗಿರುವ ದೂರ. ಇಷ್ಟು ಅವಳ ಕಾಲಿಗೆ ತಿಳಿದರೆ ಕಿವಿಗೂ ತಿಳಿಯುತ್ತದೆ.

ಮಂಡಿ ನೋವು ಅನ್ನಬೇಡ, ನೀನೂ ಹಾರು. ತಾಯಿ ಹಾರದಿದ್ದರೆ ಅದು ಆಟವಲ್ಲ, ಶಿಕ್ಷೆ.

ಅಕ್ಕ


ಆಗಸ್ಟ್ 2

ಅಕ್ಕಾ,

ಹಾರಿದೆ. ಲ್ಯಾಬಿನಿಂದ ಬಂದು, ಕೈಯಲ್ಲಿನ್ನೂ ಅಚ್ಚಿನ ಪ್ಲಾಸ್ಟರ್ ಪುಡಿ ಇರುವಾಗಲೇ, ದಿನಾ ಹಾರಿದೆ. ಕೆಳಗಿನ ಮನೆಯ ನಿವೃತ್ತ ಗುಮಾಸ್ತರು ಬಾಗಿಲು ತೆರೆದು ‘ಏನಮ್ಮಾ, ಮೇಲೆ ಕುದುರೆ ಸಾಕ್ತಿದ್ದೀರಾ?’ ಅಂತ ಕೇಳಿದರು. ಗುಬ್ಬಿ ಮೆಟ್ಟಿಲು ತಪ್ಪದೆ ಹಾರುತ್ತಾಳೆ, ದೂರವನ್ನೂ ಸರಿಯಾಗಿ ಹೇಳುತ್ತಾಳೆ. ಅದಕ್ಕೇನೂ ಕೊರತೆಯಿಲ್ಲ. ಆದರೆ ನಾನು ಶುರುವಿಗೆ ಒಂದು ಸ್ವರ ಹಾಡಿದ ಕೂಡಲೇ ‘ಇದು ಅಜ್ಜ ಅಲ್ಲ’ ಅಂತ ಅವಳ ಮುಖ ಬಾಡುತ್ತೆ. ಅವಳ ಸ್ಕೂಲಿನಲ್ಲಿ ಬೆಳಗಿನ ಹಾಡಿನ ಹೊತ್ತಿಗೆ ಕಿವಿ ಮುಚ್ಚಿಕೊಂಡು ನಿಲ್ಲುತ್ತಾಳಂತೆ. ಟೀಚರ್ ಕರೆಸಿ, ಮಗುವಿಗೆ ಗದ್ದಲ ಆಗಲ್ವಾ ಅಂತ ಕೇಳಿದರು. ಏನು ಹೇಳಲಿ? ಅವಳ ಅಜ್ಜ ಜಾಗ ಬದಲಾಯಿಸಿದಾನೆ ಅಂತ ಹೇಳಲಾ?

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಮೊನ್ನೆ ಸಂಗೀತ ಶಾಲೆಗೆ ಪಿಯಾನೋ ಶ್ರುತಿ ಮಾಡಲು ಬಂದವನು ಯಾರು ಗೊತ್ತಾ? ಅಪ್ಪನ ಶಿಷ್ಯ. ಗುಬ್ಬಿಯನ್ನು ನೋಡಿದವನೇ ಗುರುತು ಹಿಡಿದ. ‘ಇದೇ ಅಲ್ವೇನಮ್ಮಾ ಆ ಮಗು? ನಾನು ಎರಡು ವರ್ಷದ ಹಿಂದೆನೇ ನಿಮ್ಮಕ್ಕಂಗೆ ಹೇಳಿದ್ದೆ. ಹೊಸ ತಂತಿ ಹಾಕಿ ಮೇಲಕ್ಕೆ ತರ್ತೀನಿ, ಈ ಮಗುವಿನ ಕಿವಿ ಗಟ್ಟಿಯಾಗ್ತಾ ಇದೆ, ಈಗ್ಲೇ ಮಾಡಿಸಿ ಅಂದಿದ್ದೆ. ಬೇಡ ಅಂದ್ರು.’

ಎರಡು ವರ್ಷದ ಹಿಂದೆ, ಅಕ್ಕಾ. ಅವಳಿಗಾಗ ನಾಲ್ಕೂವರೆ. ನಿನಗೆ ಗೊತ್ತಿತ್ತು. ಯಾರೂ ಹೇಳದಿದ್ದರೆ ಬೇರೆ ಮಾತು, ಗೊತ್ತಿದ್ದವನು ಬಂದು ಹೇಳಿದ. ‘ಮುದುಕಿ’ಯ ತಂತಿಗಿಂತ ನನ್ನ ಮಗಳ ಕಿವಿ ಅಗ್ಗವಾಯಿತಾ? ನಾನು ಮಾಡುವ ಹಲ್ಲು ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡವರ ಬಾಯಿ ಮುಚ್ಚುವುದಿಲ್ಲ, ವಾಪಸ್ ಬರುತ್ತೆ, ನಾನು ತಪ್ಪಾಯಿತು ಅಂತ ಅರೆದು ಕೊಡುತ್ತೇನೆ. ನೀನು ಮಗುವನ್ನೇ ವಾಪಸ್ ಕೊಟ್ಟೆ, ಅಳತೆ ಸರಿಯಿದೆ ಅಂತ ಹೇಳಿ ಕೊಟ್ಟೆ.

ನನಗೆ ಅನ್ನಿಸುವುದನ್ನು ಬಾಯಿಬಿಟ್ಟು ಹೇಳಿಬಿಡುತ್ತೇನೆ. ಅವಳಿಗೆ ನಿನ್ನ ಕೋಣೆಯೊಂದನ್ನು ಬಿಟ್ಟು ಪ್ರಪಂಚದಲ್ಲಿ ಎಲ್ಲೂ ಸರಿ ಕೇಳಿಸಬಾರದು ಅಂತಲೇ ನೀನು ಹಾಗೆ ಬಿಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಪುಟ್ಟಿ


ಆಗಸ್ಟ್ 11

ನಿನಗೆ,

ಬೇಲಿ! ಬೇಲಿ ಹಾಕಿದವರು ಯಾರು, ಹೊಲ ಬಿಟ್ಟುಹೋದವರು ಯಾರು?

ಗಂಡ ಬಿಟ್ಟುಹೋದ, ಕೆಲಸ ಕಲಿಯಬೇಕು, ಆರು ತಿಂಗಳು ನೋಡ್ಕೋ ಅಕ್ಕಾ ಅಂತ ಬಾಗಿಲಲ್ಲಿ ನಿಂತು ಅತ್ತವಳು ನೀನು. ನಾನು ಒಂದು ಮಾತು ಕೇಳಿದೆನಾ? ಆರು ತಿಂಗಳಾದ ಮೇಲೆ ಮುಂದಿನ ತಿಂಗಳು ಅಂದೆ. ಆ ಮುಂದಿನ ತಿಂಗಳು ಬರುವುದರೊಳಗೆ ಅವಳ ಹಾಲುಹಲ್ಲು ಬಿತ್ತು. ಅಪ್ಪನ ಶಿಷ್ಯ ಬಂದದ್ದು ನಿಜ, ಹೇಳಿದ್ದೂ ನಿಜ. ಮುಂದಿನ ತಿಂಗಳು ಹೋಗಿಬಿಡುವ ಮಗುವಿಗೋಸ್ಕರ ಅಪ್ಪನ ತಂತಿಗಳನ್ನು ಕಿತ್ತುಹಾಕು ಅನ್ನುತ್ತೀಯಾ? ಇವತ್ತು ಹೋಗುತ್ತಾಳೆ ನಾಳೆ ಹೋಗುತ್ತಾಳೆ ಅಂತಲೇ ನಾನು ಮೂರು ವರ್ಷ ಕಳೆದದ್ದು. ಅವಳಿಗೆ ಅಂತ ಒಂದು ಮಂಚ ಕೂಡ ಮಾಡಿಸಲಿಲ್ಲ, ನನ್ನ ಪಕ್ಕದಲ್ಲೇ ಮಲಗಿದಳು.

ನಾಲ್ಕನೇ ಮನೆಯ ವಿಷಯ ನಿನಗೆ ಹೇಳಬಾರದು ಅಂದುಕೊಂಡಿದ್ದೆ. ಈಗ ಕೇಳಿಸಿಕೋ. ಮೊದಲ ಚಳಿಗಾಲದಲ್ಲಿ ಅವಳು ಅಮ್ಮ ಬೇಕು ಅಂತ ಅಳುತ್ತಿದ್ದಳು. ನಿನ್ನ ಫೋನಿಗೆ ಮಾಡಿದರೆ ನೀನು ಎತ್ತುತ್ತಿರಲಿಲ್ಲ. ಎಲ್ಲಿಂದ ತರಲಿ ನಾನು ಅಮ್ಮನನ್ನು? ಪಿಯಾನೋ ಮುಂದೆ ಕೂರಿಸಿ, ಇಗೋ ಇವಳೇ ಅಮ್ಮ, ನೀನು ಒತ್ತಿದಾಗೆಲ್ಲ ಬರ್ತಾಳೆ ನೋಡು ಅಂದೆ. ಆವತ್ತಿನಿಂದ ಆ ಸಂಸಾರ, ಆವತ್ತಿನಿಂದ ಆ ಆಟ. ಬೇರೆ ಮಕ್ಕಳೆಲ್ಲ ಆಮೇಲೆ ಬಂದು ಸೇರಿಕೊಂಡವರು. ಅವಳು ಬೆಳಗ್ಗೆ ಎದ್ದ ಕೂಡಲೇ ಹಲ್ಲುಜ್ಜುವ ಮೊದಲು ಹೋಗಿ ನಾಲ್ಕನೇ ಮನೆ ಒತ್ತುತ್ತಿದ್ದಳು. ಒಂದು ಸಲ ಒತ್ತಿ, ಅದು ನಿಲ್ಲುವ ತನಕ ಕೇಳುತ್ತಾ ಕೂತಿರುತ್ತಿದ್ದಳು. ಆ ಸಂಸಾರದಲ್ಲಿ ದೊಡ್ಡಮ್ಮನಿಗೆ ಮನೆ ಇಲ್ಲ, ಗಮನಿಸಿದೆಯಾ? ‘ದೊಡ್ಡಮ್ಮ ಎಲ್ಲಿ?’ ಅಂತ ಅವಳೇ ಒಮ್ಮೆ ಕೇಳಿದ್ದಳು. ನಾನು ಬಾಗಿಲು ತೆಗೆಯುವವಳು ಅಂದೆ.

ಇಂಥವಳನ್ನು ಕಟ್ಟಿಹಾಕಿಕೊಂಡೆ ಅನ್ನುತ್ತೀಯ. ಸಾಕಿದವಳಿಗೆ ಕೊನೆಗೆ ಸಿಗುವುದು ಇದೇ ಅಂತ ನನಗೆ ಮೊದಲೇ ಗೊತ್ತಿರಬೇಕಿತ್ತು.

ನಡುವರ್ಷದ ರಜೆ ಮುಂದಿನ ತಿಂಗಳ ಕೊನೆಗಲ್ಲವೇ? ಅವಳನ್ನು ಕಳಿಸು. ಆಮೇಲೆ ನಿನ್ನ ಕಾಗದ ಬರದಿದ್ದರೂ ನಡೆಯುತ್ತೆ.

ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ನಾಲ್ಕನೇ ಮನೆಯ ವಿಷಯ ಓದಿದೆ. ಒಂದು ವಾರ ಉತ್ತರ ಬರೆಯಲು ಕೂತು ಕೂತು ಎದ್ದೆ. ಆ ಚಳಿಗಾಲ ನಾನು ಫೋನ್ ಎತ್ತುತ್ತಿರಲಿಲ್ಲ, ಯಾಕೆಂದರೆ ಎತ್ತಿದರೆ ಬಸ್ಸು ಹತ್ತಿಬಿಡುತ್ತಿದ್ದೆ. ನಂಬುವುದಾದರೆ ನಂಬು.

ಗುಬ್ಬಿ ಗುನುಗುವುದನ್ನು ನಿಲ್ಲಿಸಿದ್ದಾಳೆ. ಮೊದಲು ಸ್ನಾನ ಮಾಡುವಾಗ, ಶೂ ಹಾಕಿಕೊಳ್ಳುವಾಗ ಏನಾದರೂ ಗುನುಗುತ್ತಲೇ ಇರುತ್ತಿದ್ದಳು. ಈಗ ಮನೆಯಲ್ಲಿ ನೀರು ಸುರಿಯುವ ಸದ್ದು ಮಾತ್ರ. ಮೇಷ್ಟ್ರನ್ನು ಕಂಡೆ. ಸರಿಯಾದ ಶ್ರುತಿಯನ್ನೇ ಕೇಳುತ್ತಿದ್ದರೆ ಕಿವಿ ನಿಧಾನಕ್ಕೆ ಮೇಲೆ ಬರಬಹುದು, ಆದರೆ ನಡುವೆ ಒಂದು ವಾರ ಹೋಗಿ ಹಳೆಯದನ್ನು ಕೇಳಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂದರು.

ಹಾಗಾಗಿ ಈ ರಜೆಗೆ ಕಳಿಸುವುದಿಲ್ಲ. ಆ ಪಿಯಾನೋ ಇರಬೇಕಾದ ಶ್ರುತಿಗೆ ಬಂದ ದಿನ ಹೇಳು, ಮರುದಿನದ ಬಸ್ಸಿಗೆ ನಾನೇ ಕರೆದುಕೊಂಡು ಬರುತ್ತೇನೆ. ಬಾರದಿದ್ದರೆ ಗುಬ್ಬಿ ಅಲ್ಲಿಗೆ ಬರುವುದಿಲ್ಲ. ಇದು ಸಿಟ್ಟಿಗೆ ಬರೆದ ಮಾತಲ್ಲ.

ಪುಟ್ಟಿ


ಅಕ್ಟೋಬರ್ 3

ಪುಟ್ಟಿ,

ಮಾಡಿಸಿದೆ.

ಅಪ್ಪನ ಶಿಷ್ಯನೇ ಬಂದ. ಮುಂದಿನ ಹಲಗೆ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ನೋಡಿ, ‘ಯೋಚನೆ ಮಾಡಿ ಅಕ್ಕಾವ್ರೇ’ ಅಂದ. ಮಾಡಿದ್ದೀನಿ, ಶುರು ಮಾಡು ಅಂದೆ. ಬಿರಡೆಗೆ ಕೀಲಿ ಹಾಕಿ ಎಲ್ಲ ತಂತಿಯನ್ನೂ ಒಂದು ಸುತ್ತು ಮೇಲಕ್ಕೆ ಎಳೆದು ಹೋದ. ಮರುದಿನ ಬಂದು ನೋಡಿದರೆ ಅರ್ಧಕ್ಕರ್ಧ ಕೆಳಗೆ ಜಾರಿ ಕೂತಿತ್ತು. ಮತ್ತೆ ಎಳೆದ. ತಂತಿ ಹರಿದ ಸದ್ದಿಗೆ ಕೆಳಗಿನ ಅಂಗಡಿಯ ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿಬಂದ, ಯಾರೋ ಏನನ್ನೋ ಹೊಡೆದರು ಅಂದುಕೊಂಡು. ಹರಿದ ಕಡೆಯೆಲ್ಲ ಹೊಸ ತಂತಿ ಹಾಕಿದ್ದಾನೆ, ಅವು ಹಳೆಯವುಗಳ ನಡುವೆ ಮಿರಿಮಿರಿ ಮಿಂಚುತ್ತವೆ. ಅಪ್ಪ ಹೋದ ದಿನ ಬಂದವರನ್ನು ಉಪಚರಿಸುತ್ತಾ ನನಗೆ ಅಳಲು ಪುರುಸೊತ್ತಾಗಿರಲಿಲ್ಲ. ಅದನ್ನು ಈಗ ಅಡುಗೆಮನೆಯಲ್ಲಿ ಕೂತು ತೀರಿಸಿಕೊಂಡೆ.

ಈಗ ಅದು ನಿನ್ನ ಶಾಲೆಯ ಪಿಯಾನೋದಷ್ಟೇ ಸರಿ. ನನ್ನ ಗಂಟಲು ಮೊದಲಿನಂತೆ ಜೊತೆಗೆ ಏರುವುದಿಲ್ಲ, ಮಕ್ಕಳ ಮುಂದೆ ಕೆಮ್ಮು ಬಂದವಳ ಹಾಗೆ ನಟಿಸುತ್ತೇನೆ. ಮಕ್ಕಳಿಗಂತೂ ಏನೂ ಗೊತ್ತಾಗಿಲ್ಲ. ‘ಯಾರು ಬಂದ್ರು’ ಅಂದರೆ ಮೊದಲು ಎಷ್ಟು ತಪ್ಪು ಹೇಳುತ್ತಿದ್ದರೋ ಈಗಲೂ ಅಷ್ಟೇ ತಪ್ಪು ಹೇಳುತ್ತಾರೆ. ದೇವರು ಚೆನ್ನಾಗಿಟ್ಟಿರಲಿ.

ನೀನು ಕೇಳಿದ್ದನ್ನು ಕೊಟ್ಟಿದ್ದೇನೆ. ಗುಬ್ಬಿಯನ್ನು ಕಳಿಸು.

ಅಕ್ಕ


ಅಕ್ಟೋಬರ್ 9

ಅಕ್ಕಾ,

ಅವಳ ಸ್ಕೂಲಿನಲ್ಲಿ ಒಂದು ವಾರ ರಜೆ ಕೇಳಿದ್ದೇನೆ. ಶನಿವಾರ ಮಧ್ಯಾಹ್ನದ ಬಸ್ಸು. ನಾನು ನಿಲ್ದಾಣದಲ್ಲೇ ಬಿಟ್ಟು ವಾಪಸ್ ಹೊರಡುತ್ತೇನೆ, ಮೇಲೆ ಬರುವುದಿಲ್ಲ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಅವಳ ಮುಂದೆ ಏನಾದರೂ ಆಡಿಬಿಡುತ್ತೇವೆ.

ಹೇಳಿದ ಕೂಡಲೇ ಎಂಟು ದಿನದ ಬಟ್ಟೆಯನ್ನು ತಾನೇ ಮಡಿಸಿಟ್ಟಳು. ನಿನ್ನೆ ಶೂ ಹಾಕಿಕೊಳ್ಳುವಾಗ ಗುನುಗಿದಳು.

ಪುಟ್ಟಿ


ಅಕ್ಟೋಬರ್ 25

ಪುಟ್ಟಿ,

ಅವಳು ಹೇಳಿರುತ್ತಾಳೋ ಇಲ್ಲವೋ, ನಾನೇ ಹೇಳುತ್ತೇನೆ.

ಬಸ್ಸಿಳಿದವಳು ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲನ್ನೆಲ್ಲ ಓಡಿ ಹತ್ತಿದಳು. ನಾನು ಮೇಲೆ ಬರುವಷ್ಟರಲ್ಲಿ ಪರದೆ ಸರಿಸಿ ಕೂತಿದ್ದಳು. ನಾಲ್ಕನೇ ಮನೆ ಒತ್ತಿದಳು. ಬೆರಳು ತೆಗೆದಳು. ಮತ್ತೆ ಒತ್ತಿದಳು. ಕತ್ತು ಬಗ್ಗಿಸಿ ಪಿಯಾನೋ ಕೆಳಗೆ ನೋಡಿದಳು, ಅಲ್ಲಿ ಯಾರಾದರೂ ಅಡಗಿದ್ದಾರೇನೋ ಎಂಬಂತೆ. ಆಮೇಲೆ ಎಡದಿಂದ ಬಲಕ್ಕೆ ಎಲ್ಲವನ್ನೂ ಒತ್ತಿ ನೋಡಿದಳು.

‘ಇಲ್ಲೂ ಹೋದ್ರಾ?’ ಅಂದಳು.

ಪಕ್ಕದಲ್ಲಿ ಕೂತು, ಇಲ್ಲ ಮರೀ, ಎಲ್ಲರೂ ಇದ್ದಾರೆ, ಸ್ವಲ್ಪ ಪಕ್ಕಕ್ಕೆ ಜರುಗಿದ್ದಾರೆ ಅಷ್ಟೇ ಅಂದೆ. ಅವಳ ಬೆರಳನ್ನು ಮೂರನೇ ಮನೆಯ ಮೇಲಿಟ್ಟು, ‘ನೋಡು, ಅಮ್ಮ ಈಗ ಇಲ್ಲಿದ್ದಾಳೆ’ ಅಂದೆ. ‘ಅದು ಅಪ್ಪನ ಮನೆ. ಅಲ್ಲಿಗೆ ಯಾಕೆ ಹೋದ್ಲು?’ ಅಂದಳು. ಊರಿಗೆಲ್ಲ ಆಟ ಕಟ್ಟಿಕೊಡುವವಳಿಗೆ ಒಂದು ಮಗುವಿನ ಪ್ರಶ್ನೆಗೆ ಆಟ ಹೊಳೆಯಲಿಲ್ಲ. ಅವಳು ಮುಚ್ಚಳ ಇಳಿಸಿ ಕುರ್ಚಿಯಿಂದ ಇಳಿದಳು.

ವಾರವಿಡೀ ಒಳ್ಳೆಯ ಹುಡುಗಿಯಾಗಿ ಇದ್ದಳು. ಹಾಕಿದ್ದು ತಿಂದಳು, ಹೇಳಿದ ಹೊತ್ತಿಗೆ ಮಲಗಿದಳು, ಮಕ್ಕಳು ಬಂದಾಗ ಮೆಟ್ಟಿಲಾಟವನ್ನೂ ಆಡಿದಳು. ನಮ್ಮ ಮನೆಗೆ ಬಂದ ಯಾರದೋ ಮಗುವಿನ ಹಾಗಿದ್ದಳು. ಒಂದು ಸಂಜೆ ಮಾತ್ರ ಕೇಳಿದಳು, ‘ದೊಡ್ಡಮ್ಮಾ, ಅವ್ರನ್ನೆಲ್ಲ ಯಾಕೆ ಓಡಿಸ್ಬಿಟ್ಟೆ?’

ನಿಮ್ಮಮ್ಮ ಹೇಳಿದ್ಲು, ಅದಕ್ಕೆ ಅಂದೆ. ಹೌದು, ಅಂದೆ. ಮೂರು ವರ್ಷ ನಿನ್ನ ಮೇಲಿನ ಬೈಗುಳವನ್ನೆಲ್ಲ ನುಂಗಿ ನಿನ್ನನ್ನು ಆ ಮಗುವಿನ ಕಣ್ಣಲ್ಲಿ ಒಳ್ಳೆಯವಳಾಗಿಟ್ಟಿದ್ದೆ. ಇನ್ನು ನನ್ನಿಂದಾಗಲಿಲ್ಲ.

ಹೊರಡುವಾಗ ‘ನಿಂಗೆ ನಾನಿಷ್ಟಾನಾ, ನಿಮ್ಮಮ್ಮ ಇಷ್ಟಾನಾ?’ ಅಂತ ಕೇಳಿಬಿಟ್ಟೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ ‘ನೀನೇ’ ಅಂದಳು. ನನಗೆ ಸಂತೋಷವಾಗಬೇಕಿತ್ತು.

ಅಕ್ಕ


ಡಿಸೆಂಬರ್ 12

ಅಕ್ಕಾ,

ಗುಬ್ಬಿ ಪಾಸಾದಳು. ಶಾಲೆಗೆ ಸೇರಿಸಿಕೊಂಡಿದ್ದಾರೆ.

ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಇದ್ದದ್ದು ಸಿಟ್ಟಿನಿಂದ. ಅವಳು ಬಂದ ದಿನವೇ ‘ನೀನು ಓಡ್ಸು ಅಂದ್ಯಾ?’ ಅಂತ ಕೇಳಿದಳು. ನಾನು ಸುಮ್ಮನಿದ್ದೆನೆಂದು ತಿಳಿಯಬೇಡ. ಹಾಳು ಮಾಡಿದ್ದೇ ನಿಮ್ಮ ದೊಡ್ಡಮ್ಮ, ನಾನು ಸರಿ ಮಾಡಿಸಿದೆ ಅಂದೆ. ನೀನು ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಿದೆ. ನಾಚಿಕೆಯಾಗುತ್ತೆ ಬರೆಯಲು, ಕೇಳಿದೆ. ನನಗೂ ‘ನೀನೇ’ ಅಂದಳು. ನಿನಗೆ ಅಂದಷ್ಟೇ ಮೆತ್ತಗೆ ಅಂದಿರುತ್ತಾಳೆ.

ಪರೀಕ್ಷೆ ಹೇಗಾಯಿತು ಅಂತ ಹೇಳುತ್ತೇನೆ. ಮೇಷ್ಟ್ರು ಒಂದೊಂದೇ ಮನೆ ಒತ್ತುತ್ತಾ ಹೋದರು, ಇವಳು ಗೋಡೆಗೆ ಮುಖಮಾಡಿ ನಿಂತು ಹೇಳುತ್ತಾ ಹೋದಳು. ಅಜ್ಜ. ಅತ್ತೆ. ಅಪ್ಪ. ಪಾಪು. ಒಂದೂ ತಪ್ಪಲಿಲ್ಲ. ಮೊದಲಿನ ಹಾಗೆ ಕೂಗಲಿಲ್ಲ, ಪ್ರತಿಯೊಂದಕ್ಕೂ ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ. ಮೇಷ್ಟ್ರು ಎದ್ದು ಬಂದು ನನ್ನ ಕೈ ಕುಲುಕಿದರು. ‘ಕಿವಿ ಮೇಲೆ ಬಂದುಬಿಟ್ಟಿದೆ ಅಮ್ಮಾ! ಇಷ್ಟು ಬೇಗ ಬಂದದ್ದನ್ನ ನಾನು ನೋಡೇ ಇಲ್ಲ. ನಿಮ್ಮಿಬ್ಬರ ಶ್ರಮ.’ ನಿಮ್ಮಿಬ್ಬರ ಅಂದದ್ದು ನನಗೂ ನಿನಗೂ ಸೇರಿಸಿ, ಪಿಯಾನೋ ಮಾಡಿಸಿದ್ದನ್ನು ನಾನೇ ಹೇಳಿದ್ದೆ. ನಾನು ಅಲ್ಲೇ ಅತ್ತುಬಿಟ್ಟೆ. ನಿನಗೆ ಫೋನ್ ಮಾಡಿಬಿಡೋಣ, ಎಲ್ಲ ಮರೆತುಬಿಡೋಣ ಅನ್ನಿಸಿತು, ನಿಜವಾಗಿಯೂ.

ಹೊರಗೆ ಬಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಯಾವುದೋ ಲಾರಿ ಹಾರ್ನ್ ಹೊಡೆಯಿತು. ಖುಷಿಯಲ್ಲಿ ನಾನು, ‘ಯಾರು ಬಂದ್ರು ಗುಬ್ಬೀ?’ ಅಂದೆ.

‘ನಿಜ ಹೇಳ್ಲಾ, ಶಾಲೇಲಿ ಹೇಳೋದ್ನ ಹೇಳ್ಲಾ?’ ಅಂದಳು.

ಹಾಗಂದ್ರೇನು ಅಂದೆ. ಕಾಲು ಆಡಿಸುತ್ತಾ, ದೊಡ್ಡವರಿಗೆ ಪಾಠ ಹೇಳುವ ಹಾಗೆ ಬಿಡಿಸಿ ಹೇಳಿದಳು.

‘ಕೇಳಿಸಿದವರ ಹೆಸರು ಹೇಳ್ಬಾರ್ದಮ್ಮ. ಅವ್ರ ಎಡಗಡೆ ಯಾರಿದಾರೋ ಅವ್ರ ಹೆಸರು ಹೇಳ್ಬೇಕು. ಆಗ ಯಾರೂ ಬೈಯಲ್ಲ.’

ಒಬ್ಬಳೇ ಕಂಡುಕೊಂಡಿದ್ದಾಳೆ. ಅವಳ ಕಿವಿ ಇದ್ದಲ್ಲೇ ಇದೆ ಅಕ್ಕಾ, ಒಂದು ಎಳೆಯಷ್ಟೂ ಜರುಗಿಲ್ಲ. ಅವಳಿಗೆ ಈಗಲೂ ಅಮ್ಮ ಬಂದದ್ದು ಕೇಳಿಸುತ್ತೆ, ಅಪ್ಪ ಅನ್ನುತ್ತಾಳೆ. ಮುಂದಿನ ವಾರದಿಂದ ತರಗತಿ ಶುರು. ಮೇಷ್ಟ್ರಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

‘ನೀನೇ’ ಅಂದಾಗ ಅವಳಿಗೆ ಒಳಗೆ ಯಾರ ಹೆಸರು ಕೇಳಿಸಿತ್ತೋ, ನಿನಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ.

ನಿನ್ನ ತಂಗಿ